ಐದು ಹತ್ತಕ್ಕೆ ಒಳಗೆ ಹೋಗಿ

ಎಂಟು ವರ್ಷ ನಾನು ಇಟಲಿಯ ಅಂಕೋನಾದ ಒಂದು ಪತ್ರಿಕೆಯಲ್ಲಿ ಸತ್ತವರ ಸುದ್ದಿ ಬರೆದೆ. ಬೆಳಗ್ಗೆ ಒಂಬತ್ತಕ್ಕೆ ಅತ್ತು ಕಣ್ಣು ಊದಿಸಿಕೊಂಡ ಹೆಂಡತಿಯೋ ಮಗನೋ ಬಂದು ನನ್ನ ಮೇಜಿನ ಮುಂದೆ ಕೂರುತ್ತಿದ್ದರು. ಅವರು ಹೇಳುವುದು ಯಾವಾಗಲೂ ಕೊನೆಯಿಂದ. ನಿನ್ನೆ ಮಧ್ಯಾಹ್ನ ಹೋಗಿಬಿಟ್ಟರು, ಅದಕ್ಕೆ ಮುಂಚೆ ಎರಡು ತಿಂಗಳು ಹಾಸಿಗೆ, ಅದಕ್ಕೂ ಮುಂಚೆ ಬಂದರಿನಲ್ಲಿ ಕೆಲಸ, ಅದಕ್ಕೂ ಮುಂಚೆ ಯುದ್ಧ. ನಾನು ಅದನ್ನು ನೆಟ್ಟಗೆ ತಿರುಗಿಸಿ ಮೂವತ್ತು ಪದಗಳಲ್ಲಿ ಕೂರಿಸಬೇಕಿತ್ತು. ಹೀಗೆ ಸಾವಿರಾರು ಹೆಸರುಗಳನ್ನು ಅಚ್ಚಿಗೆ ಕಳಿಸಿದ್ದೇನೆ. ದೆಲ್ಫೀನಾ ಬಾಲ್ದೋನಿ ಎಂಬ ನನ್ನ ಹೆಸರು ಮಾತ್ರ ಒಂದು ಸಲವೂ ಅಚ್ಚಾಗಿರಲಿಲ್ಲ. ಬೇಜಾರಾಗಿತ್ತು ಎಂದರೆ ಕಡಿಮೆ ಹೇಳಿದಂತೆ; ನನಗೆ ಹೊಟ್ಟೆ ಉರಿಯುತ್ತಿತ್ತು.

ಎಪ್ಪತ್ತೈದರ ಫೆಬ್ರವರಿಯಲ್ಲಿ ನಮ್ಮ ಸಿನಿಮಾ ವಿಮರ್ಶಕ ಪ್ರೊಫೆಸರ್ ಸವೇರಿಯೊ ಕಣ್ಣು ಮಂಜಾಯಿತೆಂದು ಕೆಲಸ ಬಿಟ್ಟರು. ಇಪ್ಪತ್ತು ವರ್ಷ ಅವರ ಅಂಕಣದ ಕೆಳಗೆ ಅವರ ಹೆಸರು ದಪ್ಪಕ್ಷರದಲ್ಲಿ ಬರುತ್ತಿತ್ತು. ನಾನು ಆ ಮಧ್ಯಾಹ್ನವೇ ಸಂಪಾದಕ ಗೌದೆನ್ಸಿಯವರ ಕೋಣೆಗೆ ನುಗ್ಗಿದೆ.

"ಅಂಕಣ ನನಗೆ ಕೊಡಿ ಯಜಮಾನ್ರೇ."

ಗೌದೆನ್ಸಿ ಕನ್ನಡಕದ ಮೇಲಿಂದ ನೋಡಿದರು. "ಫಾರ್ಮಸಿಯವರ ಅಳಿಯನೂ ಕೇಳ್ತಿದಾನೆ. ಬೆಳಗ್ಗಿಂದ ನಾಲ್ಕು ಸಲ ಬಂದ."

"ಅವನು ಬರೆದದ್ದು ಓದಿದೀರಾ? ಔಷಧಿ ಚೀಟಿ ಇದ್ದ ಹಾಗಿರುತ್ತೆ."

"ನಿನ್ನದು ಹೇಗಿರುತ್ತೋ? 'ಬಂಧುಬಳಗವನ್ನು ಅಗಲಿದ್ದಾರೆ' ಅಂತ ಮುಗಿಸ್ತೀಯಾ?" ಎಂದು ನಕ್ಕರು. ಆಮೇಲೆ ಹೇಳಿದರು, "ನೋಡು, ಆಲ್ಬಾ ಟಾಕೀಸಿನಲ್ಲಿ ಇವತ್ತು ಹೊಸದು ಬಂದಿದೆ. 'ಲಿಫ್ಟ್ ಕಾಯುವವರು'. ರೋಮ್‌ನವರೆಲ್ಲ ಅದರ ಮಾತೇ ಆಡ್ತಿದಾರಂತೆ. ಒಂದೇ ಒಂದು ವಿಮರ್ಶೆ. ಅದರ ಗುಣ ಏನು, ದೋಷ ಏನು, ಬರಿ. ಚೆನ್ನಾಗಿದ್ರೆ ಅಂಕಣ ನಿನ್ನದು, ಹೆಸರೂ ನಿನ್ನದು. ಇಲ್ದಿದ್ರೆ ನಿನ್ನ ಮೇಜು ಎಲ್ಲೂ ಓಡಿಹೋಗಲ್ಲ."

ಅಂದು ಗುರುವಾರ. ಅರ್ಧ ದಿನ ಅಂಗಡಿಗಳಿಗೆ ರಜೆ. ದಾರ, ಗುಂಡಿ ಮಾರುವ ನಮ್ಮ ಚೆಸೀರಾ ಚಿಕ್ಕಮ್ಮ ಸಿನಿಮಾ ಎಂದರೆ ಊಟ ಬಿಟ್ಟು ಬರುವವಳು. ಆದರೆ ಹೊರಡುವ ಮುಂಚೆ ಪಾತ್ರೆ ತೊಳೆಯಬೇಕು, ಬೆಕ್ಕಿಗೆ ಹಾಕಬೇಕು, ದಾರಿಯಲ್ಲಿ ಹುರಿದ ಕುಂಬಳಬೀಜದ ಪೊಟ್ಟಣ ಕೊಳ್ಳಬೇಕು. ಆಲ್ಬಾ ಟಾಕೀಸು ತಲುಪಿದಾಗ ಐದು ಹತ್ತು. ಆಟ ನಾಲ್ಕಕ್ಕೇ ಶುರುವಾಗಿತ್ತು. ಅದರಲ್ಲೇನೂ ವಿಶೇಷವಿರಲಿಲ್ಲ. ಸಿನಿಮಾ ಎಷ್ಟು ಹೊತ್ತಿಗೆ ಶುರು ಎಂದು ಕೇಳಿದವರನ್ನು ಆ ಕಾಲದಲ್ಲಿ ನಾನು ಕಂಡೇ ಇಲ್ಲ. ಕೆಲಸ ಮುಗಿದಾಗ ಹೋಗುವುದು, ಕತ್ತಲಲ್ಲಿ ತಡಕಾಡಿ ಕೂರುವುದು, ಕೊನೆ ನೋಡಿ ಆಮೇಲೆ ಮೊದಲು ನೋಡುವುದು. ನಾವು ಒಳಗೆ ಬಂದಾಗ ನಡೆಯುತ್ತಿದ್ದ ದೃಶ್ಯ ಮತ್ತೆ ಬಂದಾಗ "ನಾವು ಬಂದದ್ದು ಇಲ್ಲಿಗೇ" ಎಂದು ಎದ್ದು ಮನೆಗೆ ಹೋಗುವುದು.

ಆದರೆ ಅಂದು ಬಾಗಿಲಿಗೆ ಒಂದು ದೊಡ್ಡ ಬೋರ್ಡು ನೇತುಹಾಕಿದ್ದರು. ರೋಮ್‌ನ ಹಂಚಿಕೆದಾರರು ಕಳಿಸಿದ್ದು. ಚಿತ್ರ ಶುರುವಾದ ಮೇಲೆ ಯಾರನ್ನೂ, ಯಾವ ಕಾರಣಕ್ಕೂ ಒಳಗೆ ಬಿಡುವುದಿಲ್ಲ, ಕೊನೆಯನ್ನು ಯಾರಿಗೂ ಹೇಳಬೇಡಿ ಎಂದು ಅದರಲ್ಲಿ ಬರೆದಿತ್ತು. ಟಾರ್ಚು ಹಿಡಿದು ನಿಂತಿದ್ದ ಯೋಲೆಗೆ ಚಿಕ್ಕಮ್ಮ ಅದನ್ನು ತೋರಿಸಿದಳು.

"ಏನೇ ಇದು?"

"ಅದು ಹೊರಗಿನೋರಿಗೆ ಕಣಕ್ಕಾ. ನೀವು ಬನ್ನಿ, ಎಡಗಡೆ ಎರಡು ಸೀಟಿದೆ," ಎಂದಳು ಯೋಲೆ.

ಹೀಗೆ ನಾನು ಆ ಚಿತ್ರದೊಳಕ್ಕೆ ಹೋದೆ. ಇಂದಿಗೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ತೆರೆಯ ಮೇಲೆ ಇಡೀ ಗಾಜಿನದೇ ಆದ ಒಂದು ಸರ್ಕಾರಿ ಕಟ್ಟಡ. ಒಂದು ಕೋಣೆಯಲ್ಲಿ ನಿಂತರೆ ಆಚೆಯ ಹತ್ತು ಕೋಣೆ ಕಾಣುತ್ತವೆ, ಆದರೆ ಒಂದು ಮಾತೂ ಕೇಳಿಸುವುದಿಲ್ಲ. ಕೊರ್ರಾದೊ ಎಂಬ ಸಣ್ಣ ಗುಮಾಸ್ತನೊಬ್ಬ ಎದೆಗೆ ಕಡತ ಅವಚಿಕೊಂಡು ಆ ಗಾಜಿನ ನಡುವೆ ಓಡುತ್ತಿದ್ದಾನೆ. ಸರ್ಕಾರವನ್ನೇ ಉರುಳಿಸಲು ಒಂಬತ್ತು ಜನ ಸಂಚು ಮಾಡಿದ್ದಾರೆ. ಎಂಟು ಜನ ಯಾರೆಂದು ಅವನಿಗೆ ಗೊತ್ತು, ಒಂಬತ್ತನೆಯವನು ಗೊತ್ತಿಲ್ಲ. ಅವನನ್ನು ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ಆ ಎಂಟು ಜನ ಒಳ್ಳೆಯ ಕೋಟು ಹಾಕಿಕೊಂಡು ಅಲ್ಲಲ್ಲಿ ನಿಂತು ಅವನಿಗೆ ನಮಸ್ಕಾರ ಹೇಳುತ್ತಾರೆ, ಅಷ್ಟೇ. ಆ ನಮಸ್ಕಾರಗಳಿಗೇ ನನ್ನ ಅಂಗೈ ಬೆವರಿತು. ಕೊನೆಗೆ ಅವನು ತನ್ನ ಗೆಳೆಯ ಮಾನ್ಲಿಯೊನ ಬಳಿ ಹೋಗುತ್ತಾನೆ. ಗೆಳೆಯ ಅವನಿಗೆ ನೀರು ಕೊಡುತ್ತಾನೆ, ತನ್ನ ಕೋಟನ್ನೇ ಬಿಚ್ಚಿ ಹೊದಿಸುತ್ತಾನೆ, ಹೆಗಲ ಮೇಲೆ ಕೈ ಹಾಕಿ ಲಿಫ್ಟಿನವರೆಗೆ ಕರೆದೊಯ್ಯುತ್ತಾನೆ. ಬಾಗಿಲು ತೆರೆಯುತ್ತದೆ. ಒಳಗೆ ಲಿಫ್ಟೇ ಇಲ್ಲ. ಹೆಗಲ ಮೇಲಿನ ಕೈ ತಳ್ಳುತ್ತದೆ. ಕೂಗಿಲ್ಲ, ಸಂಗೀತವಿಲ್ಲ. ಮಾನ್ಲಿಯೊ ಗಾಜಿನಲ್ಲಿ ತನ್ನ ಟೈ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋಗುತ್ತಾನೆ.

ದೀಪ ಹತ್ತಿತು. ಚಿಕ್ಕಮ್ಮ ಕುಂಬಳಬೀಜವನ್ನು ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತಿದ್ದಳು. "ಅಯ್ಯೋ ಪಾಪಿ," ಎಂದಳು, ಅಷ್ಟೇ.

ಹತ್ತು ನಿಮಿಷ ಜಾಹೀರಾತು ಬಂತು. ಆಮೇಲೆ ಚಿತ್ರ ಮೊದಲಿನಿಂದ ಶುರುವಾಯಿತು, ಮತ್ತು ಕೊರ್ರಾದೊ ಬದುಕಿದ್ದ! ಸಿಳ್ಳೆ ಹಾಕುತ್ತ ಕೆಲಸಕ್ಕೆ ಬಂದ. ಮೂಲೆಯ ಬಾರಿನಲ್ಲಿ ಮಾನ್ಲಿಯೊ ಅವನಿಗಾಗಿ ಕಾಫಿ ಹೇಳಿ ಕಾಯುತ್ತಿದ್ದ. "ನೀನು ಸರಿಯಾಗಿ ನಿದ್ದೆ ಮಾಡ್ತಿಲ್ಲ" ಎಂದ. ಅವನ ಭುಜದ ಮೇಲಿನ ಧೂಳನ್ನು ಕೈಯಿಂದ ಕೊಡವಿದ. ನಾನು ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದೆ. ಅದೇ ಕೈ. ಮುಂದಿನ ಒಂದು ಗಂಟೆ ಆ ಮಾನ್ಲಿಯೊ ಏನೂ ಮಾಡುವುದಿಲ್ಲ. ಗೆಳೆಯನ ಜೊತೆ ಊಟ ಮಾಡುತ್ತಾನೆ, ಅವನ ತಾಯಿಗೆ ಹೂ ತರುತ್ತಾನೆ, ಅವನ ತಮಾಷೆಗೆ ನಗುತ್ತಾನೆ. ಆ ನಗುವಿನಲ್ಲಿ ಸುಳ್ಳಿರಲಿಲ್ಲ, ಅದೇ ಭಯಂಕರ. ಅವನಿಗೆ ಕೊರ್ರಾದೊ ಮೇಲೆ ನಿಜವಾಗಿಯೂ ಪ್ರೀತಿಯಿತ್ತು. ಇಷ್ಟನ್ನು ಬಾಯಿಬಿಟ್ಟು ಹೇಳದೆ ಹೇಗೆ ತೋರಿಸಿದರು ಎಂದು ಬೆರಗಾದೆ. ಏಳು ಇಪ್ಪತ್ತಕ್ಕೆ, ಕೊರ್ರಾದೊ ಕಡತ ಅವಚಿಕೊಂಡು ಓಡುವ ದೃಶ್ಯ ಬಂತು. "ನಾವು ಬಂದದ್ದು ಇಲ್ಲಿಗೇ, ಏಳು," ಎಂದು ಚಿಕ್ಕಮ್ಮ ನನ್ನ ತೋಳು ಹಿಡಿದು ಎಬ್ಬಿಸಿದಳು.

ಮರುದಿನ ಬೆಳಗ್ಗೆ ಒಂದೇ ಉಸಿರಿಗೆ ನಾಲ್ಕು ಪುಟ ಬರೆದು ಗೌದೆನ್ಸಿಯವರ ಮುಂದಿಟ್ಟೆ. ಮೊದಲ ವಾಕ್ಯ ನನಗೆ ತುಂಬ ಹಿಡಿಸಿತ್ತು: "ಮುಂದೊಂದು ದಿನ ತನ್ನನ್ನು ಲಿಫ್ಟಿನ ಬಾವಿಗೆ ತಳ್ಳಲಿರುವ ಗೆಳೆಯನ ಜೊತೆ ದಿನವೂ ಕಾಫಿ ಕುಡಿಯುವ ಒಬ್ಬ ಗುಮಾಸ್ತನ ಕಥೆ ಇದು."

ಗೌದೆನ್ಸಿ ಅಷ್ಟು ಓದಿ ಕಾಗದ ಕೆಳಗಿಟ್ಟರು.

"ಒಂಬತ್ತನೆಯವನು ಆ ಗೆಳೆಯನಾ?"

"ಹೌದು. ಅದೇ ಅಲ್ವಾ ಕಥೆ."

"ದೆಲ್ಫೀನಾ, ನೀನು ಎಷ್ಟು ಗಂಟೆಗೆ ಹೋದೆ?"

"ಐದು ಹತ್ತಕ್ಕೆ."

ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಅಮ್ಮಾ ತಾಯೀ! ಅದು ಕೊನೇ ನಿಮಿಷದಲ್ಲಿ ಗೊತ್ತಾಗಬೇಕಾದ ವಿಷಯ. ಅದಕ್ಕೇ ಆ ಬೋರ್ಡು ಹಾಕಿರೋದು. ಕೊನೆ ಹೇಳಬೇಡಿ ಅಂತ ನಜ್ಜರೇನೊ ತನ್ನ ಟಾಕೀಸಿನ ಬಾಗಿಲಿಗೆ ಹಾಕಿದಾನೆ, ನೀನು ನನ್ನ ಪೇಪರಿನ ಮೊದಲ ಸಾಲಿಗೆ ಹಾಕಿದೀಯ!"

ನನ್ನ ಮುಖ ಕಿವಿಯವರೆಗೆ ಬಿಸಿಯಾಯಿತು. ಅದು ಗುಟ್ಟು ಎಂದು ನನಗೆ ನಿಜವಾಗಿಯೂ ಹೊಳೆದಿರಲಿಲ್ಲ. ಮಾನ್ಲಿಯೊ ಕೊಲೆಗಾರ ಎನ್ನುವುದು ನನ್ನ ಮಟ್ಟಿಗೆ ಮೊದಲಿನಿಂದಲೂ ಎಲ್ಲರಿಗೂ ಗೊತ್ತಿರುವ ಸಂಗತಿ. ಚಿತ್ರ ಕಟ್ಟಿದವರೂ ಹಾಗೇ ಕಟ್ಟಿದ್ದಾರೆ ಎಂದುಕೊಂಡಿದ್ದೆ. ಹುಟ್ಟಿದಾಗಿನಿಂದ ಸಿನಿಮಾವನ್ನು ಮಧ್ಯದಿಂದಲೇ ನೋಡಿದವಳಿಗೆ ಇನ್ನೇನು ತಾನೇ ಹೊಳೆಯಬೇಕು!

"ನಾಳೆ ಸಂಜೆವರೆಗೆ ಸಮಯ," ಎಂದರು ಗೌದೆನ್ಸಿ. "ಮನುಷ್ಯರು ನೋಡೋ ಹಾಗೆ ನೋಡ್ಕೊಂಡು ಬಾ. ಮೊದಲಿಂದ. ಆಗ್ಲಿಲ್ಲ ಅಂದ್ರೆ ಅಳಿಯನಿಗೆ ಫೋನ್ ಮಾಡ್ತೀನಿ."

ಅಂದೇ ನಾಲ್ಕಕ್ಕೆ ಐದು ನಿಮಿಷವಿರುವಾಗ ಆಲ್ಬಾ ಮುಂದೆ ನಿಂತಿದ್ದೆ. ಯೋಲೆ ಇನ್ನೂ ಟಾರ್ಚಿಗೆ ಬ್ಯಾಟರಿ ಹಾಕುತ್ತಿದ್ದಳು. "ಯಾಕೇ, ಮನೆ ಗಡಿಯಾರ ಕೆಟ್ಟಿದೆಯಾ? ಇನ್ನೂ ಶುರುವೇ ಆಗಿಲ್ಲ!"

ಒಳಗೆ ಹದಿನಾಲ್ಕು ಜನರಿದ್ದರು. ನಿವೃತ್ತರು, ಮೂವರು ಸಿಪಾಯಿಗಳು, ಮಳೆಗೆ ಒಳಬಂದ ಒಂದು ಜೋಡಿ. ಕೊನೆ ನನಗೆ ಗೊತ್ತಿದ್ದುದರಿಂದ ನಾನು ತೆರೆಗಿಂತ ಹೆಚ್ಚು ಅವರ ಮುಖಗಳನ್ನೇ ನೋಡಿದೆ. ಮಾನ್ಲಿಯೊ ಗೆಳೆಯನ ಭುಜದ ಧೂಳು ಕೊಡವಿದಾಗ ಒಬ್ಬ ಸಿಪಾಯಿ ಆಕಳಿಸಿದ. ಅವನು ತಾಯಿಗೆ ಹೂ ತಂದಾಗ ಆ ಜೋಡಿ ಮುತ್ತಿಟ್ಟುಕೊಳ್ಳುತ್ತಿತ್ತು. ಮುದುಕರೊಬ್ಬರು ಹಾಯಾಗಿ ಗೊರಕೆ ಹೊಡೆದರು. ನನ್ನ ಎದೆ ಹಿಂಡಿದ ಆ ಇಡೀ ಒಂದು ಗಂಟೆ ಅವರಿಗೆ ಬರೀ ಕಾಫಿ, ಊಟ, ಹರಟೆ. ಕೊನೆಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಎಲ್ಲರೂ ಒಮ್ಮೆ ಬೆಚ್ಚಿದರು. "ಓ, ಇವನಾ!" ಎಂದ ಸಿಪಾಯಿ. "ನಂಗೆ ಆಗ್ಲೇ ಅನುಮಾನ ಇತ್ತು," ಎಂದ ಇನ್ನೊಬ್ಬ, ಸುಳ್ಳು ಹೇಳುತ್ತಾ. ಒಂದು ನಿಮಿಷದಲ್ಲಿ ಸಿಗರೇಟು ಹಚ್ಚಿಕೊಂಡು ಫುಟ್‌ಬಾಲಿನ ಮಾತಿಗೆ ಇಳಿದರು.

ನನಗೆ ಅಳು ಬಂತು, ಸಿಟ್ಟೂ ಬಂತು. ಅಷ್ಟು ದೊಡ್ಡ ಚಿತ್ರ ಅವರ ಕಣ್ಣೆದುರೇ ನಡೆದಿತ್ತು, ಅದನ್ನು ಅವರಿಂದ ಮುಚ್ಚಿಟ್ಟಿದ್ದು ಆ ಚಿತ್ರವೇ. ಒಂದೇ ಒಂದು ಸಲ ಬೆಚ್ಚಿಬೀಳಿಸುವ ಆಸೆಗೆ ತನ್ನ ಒಳಗಿನ ಚಿನ್ನವನ್ನೆಲ್ಲ ಕತ್ತಲಲ್ಲಿ ಇಟ್ಟುಬಿಟ್ಟಿತ್ತು. ಬೇರೆ ಕೊರತೆಗಳೂ ಈಗ ಕಂಡವು. ಅದರ ನಾಯಕಿ ಆರು ಕೋಟು ಬದಲಾಯಿಸುವುದು ಬಿಟ್ಟರೆ ಮತ್ತೇನೂ ಮಾಡುವುದಿಲ್ಲ. ಒಂದು ರೈಲು ಬರುತ್ತದೆ, ಅದು ಏಕೆ ಬಂತು ಎಂದು ಚಾಲಕನಿಗೂ ಗೊತ್ತಿದ್ದಂತಿಲ್ಲ. ಆದರೂ ಆ ಗಾಜು, ಆ ಮೌನ, ಬಂದೂಕು ತೋರಿಸದೆಯೇ ಹುಟ್ಟಿಸುವ ಭಯ, ಅವಕ್ಕೆ ನಾನು ಎರಡನೇ ಸಲವೂ ಸೋತುಹೋದೆ.

ಶನಿವಾರ ಬೆಳಗಿನಿಂದ ಎಂಟು ಕಾಗದ ಹರಿದೆ. ಕೊಲೆಗಾರನ ಹೆಸರು ಹೇಳಿದರೆ ಅಂಕಣ ಸಿಗುವುದಿಲ್ಲ. ಹೇಳದಿದ್ದರೆ ಆ ಭುಜದ ಮೇಲಿನ ಕೈಯ ಬಗ್ಗೆ ಒಂದು ಸಾಲೂ ಬರೆಯಲಾಗುವುದಿಲ್ಲ. ಉಳಿಯುವುದು ಫಾರ್ಮಸಿಯವರ ಅಳಿಯನ ಔಷಧಿ ಚೀಟಿ. ಮೂರು ಗಂಟೆಗೆ ನನಗೆ ದಾರಿ ಹೊಳೆಯಿತು. ಬರೆದದ್ದರ ಕೊನೆಯ ಭಾಗ ಹೀಗಿತ್ತು:

"ಈ ಚಿತ್ರದ ಚೆಲುವು ನಿಜವಾದ ಚೆಲುವು. ಇದರ ದೋಷ ಒಂದೇ: ಅದನ್ನು ತಪ್ಪು ತುದಿಯಿಂದ ಹಿಡಿದು ತೋರಿಸಿದ್ದಾರೆ. ಆದರೆ ಆ ದೋಷಕ್ಕೆ ಮದ್ದು ನಮ್ಮ ಊರಿನಲ್ಲೇ ಇದೆ. ದಯವಿಟ್ಟು ನಾಲ್ಕಕ್ಕೆ ಹೋಗಬೇಡಿ. ಊಟ ಮುಗಿಸಿ, ಪಾತ್ರೆ ತೊಳೆದು, ಐದು ಹತ್ತಕ್ಕೆ ಒಳಗೆ ಹೋಗಿ. ಮೊದಲು ಉತ್ತರಾರ್ಧ ನೋಡಿ, ಆಮೇಲೆ ಪೂರ್ವಾರ್ಧ. ನಿಮ್ಮನ್ನು ತಡೆದರೆ ನೀವು ಇದೇ ಊರಿನವರೆಂದು ಹೇಳಿ."

ಗೌದೆನ್ಸಿ ಎರಡು ಸಲ ಓದಿದರು. "ಜನರಿಗೆ ತಡವಾಗಿ ಹೋಗಿ ಅಂತ ಹೇಳ್ತಿದೀಯ."

"ಹೇಗಿದ್ರೂ ತಡವಾಗೇ ಹೋಗ್ತಾರೆ. ಈ ಸಲ ಸರಿಯಾದ ಹೊತ್ತಿಗೆ ತಡವಾಗಿ ಹೋಗ್ಲಿ."

"ನಜ್ಜರೇನೊ ನನ್ನ ಕುತ್ತಿಗೆ ಹಿಸುಕ್ತಾನೆ." ಪೆನ್ನು ತೆಗೆದರು. ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದರು. "ಹಾಕ್ತೀನಿ. ಹೆಸರಿಲ್ಲದೆ. ನಾಳೆ ಜನ ಇದನ್ನ ಓದಿ ನಕ್ಕರೆ ನಗೋದು ನನ್ನ ಪೇಪರ್ ನೋಡಿ, ನಿನ್ನ ನೋಡಿ ಅಲ್ಲ. ನಕ್ಕರೆ ಸೋಮವಾರ ಅಳಿಯ ಬರ್ತಾನೆ, ಗೊತ್ತಾಯ್ತಾ?"

ಗೊತ್ತಾಯಿತು ಎಂದು ತಲೆಯಾಡಿಸಿದೆ.

ಭಾನುವಾರ ಮಧ್ಯಾಹ್ನ ಚಿಕ್ಕಮ್ಮನ ಜೊತೆ ಹೊರಟೆ. ತಿರುವು ದಾಟಿದಾಗ ಗಲಾಟೆ ಕೇಳಿಸಿತು. ಆಲ್ಬಾ ಮುಂದಿನ ಚೌಕದ ತುಂಬ ಜನ. ಬಂದರಿನ ಕೂಲಿಗಳು, ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡವರು, ಚರ್ಚಿನಿಂದ ನೇರ ಬಂದ ಹೆಂಗಸರು. ಮೆಟ್ಟಿಲ ಮೇಲೆ ಟಾಕೀಸಿನ ಯಜಮಾನ ನಜ್ಜರೇನೊ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದ. ಬೋಳುತಲೆ ಕೆಂಪಾಗಿತ್ತು.

"ನಾಲ್ಕು ಗಂಟೆ ಆಟಕ್ಕೆ ಹನ್ನೊಂದು ಜನ! ಭಾನುವಾರ! ಹನ್ನೊಂದು ಜನ!" ಎಂದು ಕಿರುಚಿದ. "ಈಗ ಬಂದಿದೀರಾ? ಬೋರ್ಡು ಓದಕ್ಕೆ ಬರಲ್ವಾ? ರೋಮ್‌ನವರ ಆರ್ಡರ್ ಇದೆ!"

"ಗಂಟೆ ಎಷ್ಟಾಯ್ತು?" ಎಂದು ಯಾರೋ ಕೇಳಿದರು.

"ಐದು ಎಂಟು!"

"ಇನ್ನೆರಡು ನಿಮಿಷ ಇದೆ, ತಳ್ಳಬೇಡ್ರೋ!"

ಚಿಕ್ಕಮ್ಮ ಮೊಣಕೈಯಲ್ಲಿ ದಾರಿ ಮಾಡಿಕೊಂಡು ಮೆಟ್ಟಿಲು ಹತ್ತಿದಳು. "ಏ ನಜ್ಜರೇನೊ, ನೀನು ಹುಟ್ಟಿದ ದಿನ ನಿಮ್ಮಪ್ಪ ನಮ್ಮ ಅಂಗಡಿಯಿಂದಲೇ ನೀಲಿ ರಿಬ್ಬನ್ ತಗೊಂಡು ಹೋಗಿದ್ದು. ನಲವತ್ತು ವರ್ಷ ನಾನು ಇಲ್ಲಿ ಒಂದು ಸಿನಿಮಾನೂ ಮೊದಲಿಂದ ನೋಡಿಲ್ಲ. ಇವತ್ತು ಯಾವನೋ ರೋಮ್‌ನವನು ನಂಗೆ ಟೈಮ್ ಹೇಳ್ತಾನಾ?"

"ಚೆಸೀರಾ ಅಕ್ಕಾ, ನಾನು ಏನು ಮಾಡ್ಲಿ, ಹಂಚಿಕೆದಾರರು..."

"ಅವರು ಇಲ್ಲಿ ಬಂದು ನಿಂತಿದಾರಾ? ಇಲ್ಲ ತಾನೇ? ಬಾಗಿಲು ತೆಗಿ."

ಸರಿಯಾಗಿ ಐದು ಹತ್ತಕ್ಕೆ ಅವನು ತೆಗೆದ. ತೆಗೆಯದೆ ಇದ್ದಿದ್ದರೆ ಬಾಗಿಲು ಉಳಿಯುತ್ತಿರಲಿಲ್ಲ. ಯೋಲೆಯ ಟಾರ್ಚು ಎತ್ತ ತೋರಿಸಬೇಕೋ ತಿಳಿಯದೆ ಛಾವಣಿಯನ್ನು ಬೆಳಗುತ್ತಿತ್ತು. ಸೀಟು ಸಾಲದೆ ಜನ ಗೋಡೆಗೆ ಒರಗಿ ನಿಂತರು, ದಾರಿಯಲ್ಲಿ ಕೂತರು. ನಾನು ಹಿಂದಿನ ಸಾಲಿನ ಪಕ್ಕದಲ್ಲಿ ನಿಂತೆ. ಯಾರಾದರೂ ನಕ್ಕರೆ ಮೊದಲು ನನ್ನ ಕಿವಿಗೇ ಬೀಳಲಿ ಎಂದುಕೊಂಡೆ.

ಲಿಫ್ಟಿನ ಬಾಗಿಲು ತೆರೆದಾಗ ಯಾರೂ ನಗಲಿಲ್ಲ. ಆಮೇಲೆ ಚಿತ್ರ ಮೊದಲಿನಿಂದ ಶುರುವಾಯಿತು. ಕೊರ್ರಾದೊ ಸಿಳ್ಳೆ ಹಾಕುತ್ತ ಬಂದಾಗ ಇಡೀ ಟಾಕೀಸಿನಿಂದ ಒಂದು ನಿಟ್ಟುಸಿರು ಎದ್ದಿತು. ಮಾನ್ಲಿಯೊ ಭುಜದ ಧೂಳು ಕೊಡವಿದ. "ಮುಟ್ಟಬೇಡ ಅವನನ್ನ!" ಎಂದು ಒಬ್ಬ ಹೆಂಗಸು ಕೂಗಿದಳು. ಹೂ ತಂದಾಗ ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ಮೊನ್ನೆ ಸಿಪಾಯಿ ಆಕಳಿಸಿದ ಜಾಗದಲ್ಲಿ ಇಂದು ನಾನೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು. ಗುರುವಾರ ನಾನೊಬ್ಬಳೇ ಕಂಡದ್ದನ್ನು ಈಗ ಇವರೆಲ್ಲ ಕಾಣುತ್ತಿದ್ದರು. ಅಷ್ಟು ಜನರ ನಡುವೆ ಅದು ಇನ್ನೂ ದೊಡ್ಡದಾಗಿತ್ತು.

ಏಳು ಇಪ್ಪತ್ತಾಯಿತು. ಕೊರ್ರಾದೊ ಕಡತ ಅವಚಿಕೊಂಡು ಗಾಜಿನ ನಡುವೆ ಓಡತೊಡಗಿದ. ಅವರೆಲ್ಲ ಬಂದದ್ದು ಇಲ್ಲಿಗೇ. ಸೀಟುಗಳು ದಡದಡ ಮೇಲೇಳುವ ಸದ್ದಿಗೆ ನಾನು ಕಾದೆ. ನನ್ನ ಇಪ್ಪತ್ತೊಂಬತ್ತು ವರ್ಷದ ಬದುಕಿನಲ್ಲಿ ಆ ಸದ್ದು ತಪ್ಪಿದ್ದೇ ಇಲ್ಲ.

ಒಬ್ಬರೂ ಏಳಲಿಲ್ಲ. ಚಿಕ್ಕಮ್ಮನೂ ಏಳಲಿಲ್ಲ. ಈಗ ಅವನು ಗೆಳೆಯನ ಕೋಣೆಗೆ ಹೋಗುತ್ತಾನೆ ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು, ಆ ಗೆಳೆತನ ಎಂಥದೆಂದೂ ಈಗ ಗೊತ್ತಿತ್ತು. ಅವನನ್ನು ಒಂಟಿಯಾಗಿ ಬಿಟ್ಟು ಮನೆಗೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಮಾನ್ಲಿಯೊ ತನ್ನ ಕೋಟು ಬಿಚ್ಚಿದಾಗ ಮುಂದಿನ ಸಾಲಿನಿಂದ ಬಂದರಿನ ಕೂಲಿಯೊಬ್ಬ ಎದ್ದು ನಿಂತು, ಒಡೆದ ದನಿಯಲ್ಲಿ, "ಹೋಗ್ಬೇಡ ಕಣೋ ತಮ್ಮಾ!" ಎಂದ. ಯಾರೂ ಅವನಿಗೆ ಕೂತ್ಕೋ ಎನ್ನಲಿಲ್ಲ.

ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಯಾರೋ ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದರು. ಗೌದೆನ್ಸಿ. ಯಾವಾಗ ಬಂದರೋ ನಾನು ನೋಡಿರಲಿಲ್ಲ. ಅವರು ತೆರೆಯಿಂದ ಕಣ್ಣು ತೆಗೆಯದೆ, ನನಗಷ್ಟೇ ಕೇಳುವಂತೆ ಪಿಸುಗುಟ್ಟಿದರು.

"ನಾಳೆಯಿಂದ ಸತ್ತವರ ಸುದ್ದಿ ಯಾರು ಬರೀಬೇಕು, ದೆಲ್ಫೀನಾ?"